ಆ ಮೀಸೆಯ ಜನರಲ್ ನಿಜಕ್ಕೂ ಹೆಂಗಸಾಗಿದ್ದರೇ? ಪುಲಾಸ್ಕಿಯ ಮೂಳೆಗಳು ಹೇಳಿದ್ದೆಷ್ಟು, ಫಾರ್ವರ್ಡ್‌ಗಳು ಸೇರಿಸಿದ್ದೆಷ್ಟು

ದಟ್ಟ ಮೀಸೆ, ಹಿಂದೆ ಸರಿದ ಕೂದಲು, ಸೇನಾ ಸಮವಸ್ತ್ರ. ಹಳೆಯ ಕಾಲದ ಒಬ್ಬ ಜನರಲ್‌ನ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ: ಅಮೆರಿಕದ ಸ್ವಾತಂತ್ರ್ಯ ವೀರ ವಾಸ್ತವದಲ್ಲಿ ಗಂಡಸಿನ ವೇಷ ಹಾಕಿದ್ದ ಹೆಂಗಸು, 200 ವರ್ಷ ಮುಚ್ಚಿಟ್ಟ ರಹಸ್ಯವನ್ನು ಅಸ್ಥಿಪಂಜರ ಬಯಲು ಮಾಡಿತು. 2019ರ ಏಪ್ರಿಲ್‌ನಲ್ಲಿ ಈ ಸುದ್ದಿ ಪ್ರಪಂಚದ ತುಂಬ ಓಡಾಡಿತು. ಇಂಥ ಸುದ್ದಿಗಳ ಹಣೆಬರಹವೇ ಹಾಗೆ, ಹೋದಂತೆಲ್ಲ ಒಂದೊಂದು ಸಾಲು ಸೇರಿಕೊಳ್ಳುತ್ತದೆ. ಕೊನೆಗೆ ಗುಂಪಿನಿಂದ ಗುಂಪಿಗೆ ಹಾರುವಾಗ ಉಳಿಯುವುದು ಚಿತ್ರ ಮತ್ತು ವೇಷದ ಕಥೆ ಮಾತ್ರ.

ಚಿತ್ರದಲ್ಲಿರುವವರ ಹೆಸರು ಕ್ಯಾಸಿಮಿರ್ ಪುಲಾಸ್ಕಿ. ಅವರ ದೇಶವಾದ ಪೋಲೆಂಡಿನಲ್ಲಿ ಈ ಹೆಸರನ್ನು ಕಜಿಮೆಜ್ ಪುವಾಸ್ಕಿ ಎನ್ನುತ್ತಾರೆ. ಸುದ್ದಿಯ ಬುಡದಲ್ಲಿ ಸತ್ಯ ಇದೆ. ಅವರದೆಂದು ಸಮಾಧಿ ಮಾಡಿದ್ದ ಅಸ್ಥಿಪಂಜರವನ್ನು ನೋಡಿದ ತಜ್ಞರಿಗೆ ಅದು ಹೆಣ್ಣಿನದರಂತೆ ಕಂಡದ್ದು ನಿಜ. ಆದರೆ ವೇಷ, ರಹಸ್ಯ, ಮುಚ್ಚಿಟ್ಟಿದ್ದು ಇವೆಲ್ಲ ಮೂಳೆಗಳು ಹೇಳಿದ ಮಾತಲ್ಲ. ಮೂಳೆ ನೋಡಿ ಗಂಡೋ ಹೆಣ್ಣೋ ಎಂದು ಅಂದಾಜು ಮಾಡುವುದು ಹೇಗೆ, ಆ ಅಂದಾಜಿನ ಮಿತಿ ಎಲ್ಲಿದೆ ಎಂದು ತಿಳಿಯಲು ಪುಲಾಸ್ಕಿಯವರ ಕಥೆಗಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. ಮೊದಲು ಅವರ ಬದುಕನ್ನು ನೋಡೋಣ. ಬದುಕು ಗೊತ್ತಿಲ್ಲದೆ ಮೂಳೆ ಓದುವುದೂ ಕಷ್ಟವೇ.

ವಾರ್ಸಾದಿಂದ ಸವಾನಾದವರೆಗೆ

ಪುಲಾಸ್ಕಿ ಹುಟ್ಟಿದ್ದು 1745ರ ಮಾರ್ಚ್‌ನಲ್ಲಿ, ಪೋಲೆಂಡಿನ ವಾರ್ಸಾ ನಗರದಲ್ಲಿ. ಚರ್ಚಿನ ದೀಕ್ಷಾಸ್ನಾನದ ದಾಖಲೆಯಲ್ಲಿ ಮಗುವಿಗೆ ಗಂಡು ಹೆಸರು ಕೊಟ್ಟು ಬರೆದಿದ್ದಾರೆ. ಈ ಸಣ್ಣ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ತಂದೆ ಯೂಜೆಫ್ ಪುವಾಸ್ಕಿ ಹೆಸರಾಂತ ವಕೀಲರು, ವಾರ್ಕಾ ಊರಿನ ಸುತ್ತ ಜಮೀನು ಇದ್ದ ಕುಲೀನರು.

ಆಗಿನ ಪೋಲೆಂಡ್ ನಕ್ಷೆಯಲ್ಲಿ ದೊಡ್ಡದು, ಬಲದಲ್ಲಿ ಚಿಕ್ಕದು. ರಾಜನನ್ನು ಕುಲೀನರು ಸೇರಿ ಆರಿಸುವ ಪದ್ಧತಿ ಅಲ್ಲಿತ್ತು. 1764ರಲ್ಲಿ ರಷ್ಯಾದ ಚಕ್ರವರ್ತಿನಿ ಎರಡನೇ ಕ್ಯಾಥರೀನ್ ತನಗೆ ಬೇಕಾದ ಸ್ಟಾನಿಸ್ವಾವ್ ಆಗಸ್ಟ್ ಪೊನಿಯಾಟೊವ್‌ಸ್ಕಿಯವರನ್ನೇ ಗದ್ದುಗೆಗೆ ಏರಿಸಿದಳು. ರಷ್ಯಾದ ಈ ಹಿಡಿತದ ವಿರುದ್ಧ 1768ರಲ್ಲಿ, ಇಂದು ಉಕ್ರೇನಿನಲ್ಲಿರುವ ಬಾರ್ ಎಂಬ ಊರಿನಲ್ಲಿ, ಕುಲೀನರ ಒಂದು ಕೂಟ ಬಂಡಾಯ ಎದ್ದಿತು. ಅದನ್ನು ಕಟ್ಟಿದವರಲ್ಲಿ ಯೂಜೆಫ್ ಒಬ್ಬರು. ಮಕ್ಕಳು ತಂದೆಯ ಹಿಂದೆ ಕುದುರೆ ಏರಿದರು. ಪುಲಾಸ್ಕಿಗೆ ಆಗ 23ರ ಆಸುಪಾಸು.

ಅದೇ ವರ್ಷ ಬೆರ್ಡಿಚಿವ್ ಎಂಬಲ್ಲಿ ಕೋಟೆಯಂತಿದ್ದ ಒಂದು ಮಠವನ್ನು ಹಿಡಿದುಕೊಂಡು ಕೆಲವು ವಾರ ಹೋರಾಡಿ ಸೋತರು. ಇನ್ನು ಯುದ್ಧಕ್ಕೆ ಬರುವುದಿಲ್ಲ ಎಂಬ ಮಾತು ಪಡೆದು ರಷ್ಯನ್ನರು ಬಿಟ್ಟುಕಳಿಸಿದರು. ಹೊರಬಂದ ಪುಲಾಸ್ಕಿ, ಬಲವಂತದಿಂದ ಪಡೆದ ಮಾತಿಗೆ ತಾನು ಬದ್ಧನಲ್ಲ ಎಂದು ಮತ್ತೆ ಕತ್ತಿ ಹಿಡಿದರು. ಮುಂದಿನ ವರ್ಷ ಮನೆಯೇ ಬರಿದಾಯಿತು. 1769ರಲ್ಲಿ ತಂದೆ ತೀರಿಕೊಂಡರು, ಅಣ್ಣ ಫ್ರಾನ್ಚಿಶೆಕ್ ಯುದ್ಧದಲ್ಲಿ ಸತ್ತರು, ತಮ್ಮ ಆಂಟೊನಿ ರಷ್ಯನ್ನರ ಸೆರೆ ಸೇರಿದರು.

ಅವರಿಗೆ ಯೂರೋಪಿನಲ್ಲೆಲ್ಲ ಹೆಸರು ತಂದದ್ದು ಚೆಸ್ಟೊಹೋವಾದ ಯಾಸ್ನಾ ಗೂರಾ ಮಠದ ರಕ್ಷಣೆ. ಪೋಲೆಂಡಿನ ಜನ ತುಂಬ ಭಕ್ತಿಯಿಂದ ಕಾಣುವ ಕಪ್ಪು ಮಾತೆ ಮರಿಯಳ ಚಿತ್ರ ಇರುವ ಜಾಗ ಅದು. 1770ರ ಕೊನೆಯಲ್ಲಿ ರಷ್ಯನ್ ಪಡೆ ಮುತ್ತಿಗೆ ಹಾಕಿತು. ಎರಡು ವಾರಗಳ ಹೋರಾಟದ ನಂತರ, 1771ರ ಜನವರಿಯಲ್ಲಿ, ಬಂದ ದಾರಿ ಹಿಡಿದು ಹೋಯಿತು.

ಗೆಲುವು ಹೆಚ್ಚು ದಿನ ಉಳಿಯಲಿಲ್ಲ. 1771ರ ನವೆಂಬರ್‌ನಲ್ಲಿ ಬಂಡಾಯಗಾರರ ಒಂದು ತಂಡ ವಾರ್ಸಾದ ಬೀದಿಯಲ್ಲೇ ರಾಜನನ್ನು ಅಪಹರಿಸಿತು. ರಾಜ ಅದೇ ರಾತ್ರಿ ತಪ್ಪಿಸಿಕೊಂಡರು. ಸಂಚಿನಲ್ಲಿ ಪುಲಾಸ್ಕಿ ಕೈವಾಡ ಇದೆ ಎಂಬ ಆರೋಪ ಬಂತು, ರಾಜನನ್ನು ಕೊಲ್ಲುವ ಉದ್ದೇಶ ತನಗಿರಲಿಲ್ಲ ಎಂದು ಅವರು ಕೊನೆಯವರೆಗೂ ಹೇಳಿದರು. 1772ರಲ್ಲಿ ಬಂಡಾಯ ಮುಗಿಯಿತು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡಿನ ಮೊದಲ ಪಾಲು ಹಂಚಿಕೊಂಡವು. 1773ರಲ್ಲಿ ಪುಲಾಸ್ಕಿಗೆ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಲಾಯಿತು. ಅಷ್ಟು ಹೊತ್ತಿಗೆ ಅವರು ದೇಶ ಬಿಟ್ಟಾಗಿತ್ತು. ತುರ್ಕಿಯವರ ಪರ ನಿಂತು ರಷ್ಯಾದ ಮೇಲೆ ಹೋರಾಡಲು ನೋಡಿದರು, ಅದೂ ಆಗಲಿಲ್ಲ. ಫ್ರಾನ್ಸ್‌ಗೆ ಬಂದು ಸಾಲ ತೀರಿಸಲಾಗದೆ ಜೈಲಿಗೂ ಹೋಗಿ ಬಂದರು. 30 ವರ್ಷಕ್ಕೆ ಇಷ್ಟು.

ಅಮೆರಿಕದ ವಸಾಹತುಗಳು ಬ್ರಿಟನ್ ವಿರುದ್ಧ ಯುದ್ಧಕ್ಕೆ ಇಳಿದಿದ್ದ ಕಾಲ. ಪ್ಯಾರಿಸ್‌ನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅವರ ಶಿಫಾರಸು ಪತ್ರ ಹಿಡಿದು ಪುಲಾಸ್ಕಿ 1777ರ ಜುಲೈನಲ್ಲಿ ಬಾಸ್ಟನ್ ಹತ್ತಿರದ ಮಾರ್ಬಲ್‌ಹೆಡ್ ಬಂದರಿಗೆ ಇಳಿದರು. ಸೆಪ್ಟೆಂಬರ್ 11ರ ಬ್ರ್ಯಾಂಡಿವೈನ್ ಕದನದಲ್ಲಿ ಅವರ ಬಳಿ ಯಾವ ಹುದ್ದೆಯೂ ಇರಲಿಲ್ಲ. ಆದರೂ ಸೋತು ಹಿಂದಕ್ಕೆ ಬರುತ್ತಿದ್ದ ಸೇನೆಯ ಬೆನ್ನು ಕಾಯಲು ಜಾರ್ಜ್ ವಾಷಿಂಗ್ಟನ್ ಅವರ ಅಂಗರಕ್ಷಕ ಸವಾರರನ್ನು ಕೂಡಿಸಿಕೊಂಡು ಬ್ರಿಟಿಷರ ಮೇಲೆ ನುಗ್ಗಿದರು. ವಾಷಿಂಗ್ಟನ್ ಪ್ರಾಣ ಉಳಿಸಿದವರು ಎಂಬ ಹೆಸರು ಬಂದದ್ದು ಇದರಿಂದ. ನಾಲ್ಕು ದಿನದಲ್ಲಿ ಅವರು ಬ್ರಿಗೇಡಿಯರ್ ಜನರಲ್ ಆಗಿ ಅಶ್ವದಳದ ಹೊಣೆ ಹೊತ್ತರು. ಅಮೆರಿಕದ ಅಶ್ವದಳದ ಪಿತಾಮಹ ಎಂದು ಇಂದಿಗೂ ಕರೆಯುವುದುಂಟು.

ಹೆಸರು ಬಂದರೂ ಹೊಂದಾಣಿಕೆ ಬರಲಿಲ್ಲ. ಅವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಮುಂಗೋಪ ಬೇರೆ. ಪರದೇಶಿಯ ಆಜ್ಞೆ ಪಾಲಿಸಲು ಅಲ್ಲಿನ ಅಧಿಕಾರಿಗಳಿಗೂ ಮನಸ್ಸಿರಲಿಲ್ಲ. 1778ರಲ್ಲಿ ಆ ಹೊಣೆ ಬಿಟ್ಟು ಬಾಲ್ಟಿಮೋರ್‌ನಲ್ಲಿ ಸವಾರರೂ ಕಾಲಾಳುಗಳೂ ಇದ್ದ ತಮ್ಮದೇ ಒಂದು ದಳ ಕಟ್ಟಿದರು. ಅವರು ಮದುವೆಯಾಗಲಿಲ್ಲ.

1779ರ ಶರತ್ಕಾಲದಲ್ಲಿ ಅಮೆರಿಕನ್ನರೂ ಫ್ರೆಂಚರೂ ಸೇರಿ, ಬ್ರಿಟಿಷರ ಕೈಯಲ್ಲಿದ್ದ ಜಾರ್ಜಿಯಾದ ಸವಾನಾ ನಗರಕ್ಕೆ ಮುತ್ತಿಗೆ ಹಾಕಿದರು. ಅಕ್ಟೋಬರ್ 9ರ ಬೆಳಗಿನ ದಾಳಿ ನೆಲಕಚ್ಚಿತು. ಕುದುರೆ ಮೇಲಿದ್ದ ಪುಲಾಸ್ಕಿಗೆ ಫಿರಂಗಿಯ ಚರೆ ಗುಂಡು ತೊಡೆಸಂದಿಗೆ ಬಡಿಯಿತು. ಎರಡು ದಿನದ ಮೇಲೆ, ಅಕ್ಟೋಬರ್ 11ರಂದು, ಪ್ರಾಣ ಹೋಯಿತು. ವಯಸ್ಸು 34.

ಹೂತದ್ದು ಎಲ್ಲಿ?

ಇಲ್ಲಿಂದ ಗೊಂದಲ ಶುರು. ಅವರ ದಳದಲ್ಲೇ ಇದ್ದ ಪಾಲ್ ಬೆಂಟಾಲೂ ಎಂಬ ಅಧಿಕಾರಿಯ ಪ್ರಕಾರ ಪುಲಾಸ್ಕಿ ಹಡಗಿನಲ್ಲಿ ಸತ್ತರು, ಶವವನ್ನು ಸಮುದ್ರಕ್ಕೆ ಒಪ್ಪಿಸಲಾಯಿತು. ಆದರೆ ಸವಾನಾ ಬಳಿಯ ಗ್ರೀನ್‌ವಿಚ್ ಎಂಬ ತೋಟದ ಮಾಲೀಕರಾಗಿದ್ದ ಬೋವೆನ್ ಕುಟುಂಬದಲ್ಲಿ ಬೇರೆಯದೇ ಮಾತು ಬಾಯಿಂದ ಬಾಯಿಗೆ ಬಂದಿತ್ತು. ಗಾಯಾಳು ಜನರಲ್‌ರನ್ನು ಅಲ್ಲಿಗೆ ತಂದರು, ಸತ್ತ ಮೇಲೆ ರಾತ್ರಿ ಅಲ್ಲೇ ಹೂತರು ಎಂದು.

1853ರಲ್ಲಿ ಸವಾನಾದ ಮಾಂಟೆರಿ ಚೌಕದಲ್ಲಿ ಪುಲಾಸ್ಕಿ ಸ್ಮಾರಕ ಕಟ್ಟುವ ಕೆಲಸ ಶುರುವಾದಾಗ, ಆ ಕುಟುಂಬದ ವಿಲಿಯಂ ಬೋವೆನ್ ತೋಟದಲ್ಲಿ ಅಗೆಸಿದರು. ಸಿಕ್ಕಿದ ಮೂಳೆಗಳನ್ನು ಪೆಟ್ಟಿಗೆಯಲ್ಲಿಟ್ಟು ಸ್ಮಾರಕದ ಬುಡದಲ್ಲಿ ಇರಿಸಲಾಯಿತು. ಯಾರದೋ ಮೂಳೆ ತಂದಿಟ್ಟಿದ್ದಾರೆ ಎಂದು ನಂಬದವರು ಆಗಲೂ ಇದ್ದರು, ಮುಂದೆಯೂ ಇದ್ದರು. ನಾವು ಆ ಕಾಲದಲ್ಲಿದ್ದಿದ್ದರೆ ಬಹುಶಃ ನಂಬದವರ ಕಡೆಗೇ ಇರುತ್ತಿದ್ದೆವು. ಹಡಗಿನ ಕಥೆಗೆ ಅವರ ಜೊತೆಯಲ್ಲೇ ಇದ್ದವರ ಹೇಳಿಕೆ ಇತ್ತು, ತೋಟದ ಕಥೆಗೆ ಮನೆಮಾತು ಮಾತ್ರ.

1996ರಲ್ಲಿ ಸ್ಮಾರಕ ಶಿಥಿಲವಾಗಿ ಅದನ್ನು ಬಿಚ್ಚಿ ದುರಸ್ತಿ ಮಾಡಬೇಕಾಯಿತು. ಪೆಟ್ಟಿಗೆ ಹೊರಬಂತು. ಈ ಹಳೆಯ ಜಗಳ ತೀರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ ಎಂದು ಮೂಳೆಗಳನ್ನು ಪರೀಕ್ಷೆಗೆ ಕೊಟ್ಟರು. ಪರೀಕ್ಷಿಸಿದವರು ವಿಧಿವಿಜ್ಞಾನದ ಮಾನವಶಾಸ್ತ್ರಜ್ಞೆ ಕರೆನ್ ಬರ್ನ್ಸ್ ಮತ್ತು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮೆರ್ಬ್ಸ್. ಮೊದಲು ನೋಡಿದ ಬರ್ನ್ಸ್ ತಮಗೆ ಏನು ಕಂಡಿತು ಎಂದು ಮೆರ್ಬ್ಸ್‌ಗೆ ಬಿಟ್ಟುಕೊಡಲಿಲ್ಲ. ಒಳಗೆ ಹೋಗಿ ಚೆನ್ನಾಗಿ ನೋಡಿ, ಗಾಬರಿಯಾಗಬೇಡಿ, ಆಮೇಲೆ ಕೂತು ಮಾತಾಡೋಣ ಎಂದಷ್ಟೇ ತಿಳಿಸಿದರು. ಒಳ್ಳೆಯ ಪದ್ಧತಿ ಅದು. ಮೊದಲೇ ಉತ್ತರ ಕೇಳಿದವನ ಕಣ್ಣಿಗೆ ಅದೇ ಉತ್ತರ ಕಾಣುತ್ತದೆ. ಮೆರ್ಬ್ಸ್ ಒಳಗೆ ಹೋದರು, ನೋಡಿದ ಕ್ಷಣಕ್ಕೇ ವಿಷಯ ತಿಳಿಯಿತು. ಅವರ ಕಣ್ಣಿಗೆ ಅದು ಹೆಣ್ಣಿನ ಅಸ್ಥಿಪಂಜರ, ಅದೂ ಸ್ವಲ್ಪವೂ ಅನುಮಾನ ಬಾರದಷ್ಟು.

ಏನನ್ನು ನೋಡಿದರು?

ಮೊದಲು ಒಂದು ಹಳೆಯ ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಗಂಡಸಿಗೆ ಒಂದು ಪಕ್ಕೆಲುಬು ಕಡಿಮೆ ಇರುತ್ತದೆ, ಎಣಿಸಿದರೆ ಗೊತ್ತಾಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಸುಳ್ಳು. ಗಂಡಿಗೂ ಹೆಣ್ಣಿಗೂ ಸಾಮಾನ್ಯವಾಗಿ 12 ಜೊತೆ. ಆಂಡ್ರಿಯಾಸ್ ವೆಸೇಲಿಯಸ್ 1543ರಷ್ಟು ಹಿಂದೆಯೇ ತಮ್ಮ ಅಂಗರಚನಾ ಗ್ರಂಥದಲ್ಲಿ ಇದನ್ನು ಬರೆದಿದ್ದಾರೆ. ಕೆಲವರಿಗೆ ಹುಟ್ಟಿನಿಂದಲೇ ಒಂದು ಹೆಚ್ಚು ಇರಬಹುದು, ಒಂದು ಕಡಿಮೆ ಇರಬಹುದು, ಅದಕ್ಕೂ ಲಿಂಗಕ್ಕೂ ಸಂಬಂಧ ಇಲ್ಲ.

ತಜ್ಞರು ಮೊದಲು ಕೈ ಹಾಕುವುದು ಸೊಂಟದ ಮೂಳೆಗೆ. ಕಾರಣ ಸರಳ. ಹೆರಿಗೆಯಲ್ಲಿ ಮಗುವಿನ ತಲೆ ಆ ಮೂಳೆಯ ಉಂಗುರದ ಒಳಗಿಂದ ಹಾದು ಬರಬೇಕು. ಆದ್ದರಿಂದ ಹೆಣ್ಣಿನಲ್ಲಿ ಅದು ಅಗಲ, ಗಂಡಿನಲ್ಲಿ ಇಕ್ಕಟ್ಟು. ಮುಂಭಾಗದಲ್ಲಿ ಎಡಬಲದ ಮೂಳೆಗಳು ಕೂಡುವ ಕಡೆ, ಕೆಳಗೆ ಒಂದು ಕೋನ ಉಂಟಾಗುತ್ತದೆ. ನಿಮ್ಮ ತೋರುಬೆರಳು, ಹೆಬ್ಬೆರಳು ಬಿಡಿಸಿ ಹಿಡಿಯಿರಿ, ಹೆಚ್ಚು ಕಡಿಮೆ ಅದು ಹೆಣ್ಣಿನ ಕೋನ. ತೋರುಬೆರಳು, ನಡುಬೆರಳು ಬಿಡಿಸಿದರೆ ಗಂಡಿನದು. ಸೊಂಟದ ಹಿಂಬದಿಯಲ್ಲಿ ಕಾಲಿಗೆ ಹೋಗುವ ದೊಡ್ಡ ನರ ಹಾಯುವ ಒಂದು ಕಚ್ಚು ಇದೆ, ಅದೂ ಹೆಣ್ಣಿನಲ್ಲಿ ಅಗಲವಾಗಿ ತೆರೆದಿರುತ್ತದೆ. 1969ರಲ್ಲಿ ಫಿನೀಸ್ ಎಂಬ ಅಮೆರಿಕನ್ ಸಂಶೋಧಕ ಸೊಂಟದ ಮುಂಭಾಗದ ಮೂಳೆಯಲ್ಲಿ ಕಣ್ಣಿಗೇ ಕಾಣುವ ಮೂರು ಗುರುತು ತೋರಿಸಿಕೊಟ್ಟ. ಇಂದಿಗೂ ಪ್ರಯೋಗಾಲಯಗಳಲ್ಲಿ ಅವನ್ನೇ ಮೊದಲು ಹುಡುಕುತ್ತಾರೆ.

ಸೊಂಟ ಸಿಗದಿದ್ದರೆ ತಲೆಬುರುಡೆ. ಹುಬ್ಬಿನ ಮೇಲಿನ ದಿಬ್ಬ, ಕಿವಿಯ ಹಿಂದೆ ಕೈಗೆ ಸಿಗುವ ಗಟ್ಟಿ ಉಬ್ಬು, ತಲೆಯ ಹಿಂಭಾಗದಲ್ಲಿ ಕುತ್ತಿಗೆಯ ಸ್ನಾಯು ಅಂಟುವ ಏಣು, ಗಲ್ಲದ ಚೌಕ. ಇವು ಸಾಮಾನ್ಯವಾಗಿ ಗಂಡಿನಲ್ಲಿ ದಪ್ಪ. ಅದೂ ಇಲ್ಲದಿದ್ದರೆ ತೊಡೆಮೂಳೆಯ ತುದಿಯ ಗುಂಡಿನ ಅಳತೆ. ಅದು ದೊಡ್ಡದಿದ್ದರೆ ಗಂಡು, ಚಿಕ್ಕದಿದ್ದರೆ ಹೆಣ್ಣು, ನಡುವೆ ಬಂದರೆ ಹೇಳಲಾಗದು.

ಇದೆಲ್ಲ ಎಷ್ಟು ನಂಬಬಹುದು? ವಿಲ್ಟನ್ ಕ್ರಾಗ್‌ಮನ್ ಎಂಬ ಅಮೆರಿಕದ ತಜ್ಞರ ಲೆಕ್ಕ ಪ್ರಪಂಚದ ತುಂಬ ಪಠ್ಯಪುಸ್ತಕಗಳಲ್ಲಿದೆ, ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳೂ ಅದನ್ನೇ ಬಾಯಿಪಾಠ ಮಾಡುತ್ತಾರೆ. ಪೂರ್ತಿ ಅಸ್ಥಿಪಂಜರ ಇದ್ದರೆ 100ಕ್ಕೆ 100, ಸೊಂಟ ಒಂದೇ ಇದ್ದರೆ 95, ಬುರುಡೆ ಒಂದೇ ಇದ್ದರೆ 92, ಕೈಕಾಲಿನ ಉದ್ದ ಮೂಳೆ ಮಾತ್ರ ಇದ್ದರೆ 80. ಕ್ಲೀವ್‌ಲ್ಯಾಂಡ್‌ನ ಒಂದು ಸಂಗ್ರಹದ 750 ವಯಸ್ಕರ ಅಸ್ಥಿಪಂಜರಗಳನ್ನು ನೋಡಿ ಬರೆದ ಲೆಕ್ಕ ಇದು. ಬಾಯಿಪಾಠದಲ್ಲಿ ಬಿಟ್ಟುಹೋಗುವುದು ಒಂದಿದೆ. ಆ ಸಂಗ್ರಹದಲ್ಲಿ ಗಂಡಸರೇ ಬಹಳ ಹೆಚ್ಚು. ಅಂಥ ಕಡೆ ಅನುಮಾನ ಬಂದಾಗಲೆಲ್ಲ ಗಂಡು ಎಂದುಬಿಟ್ಟರೂ ಹೆಚ್ಚು ಸಲ ಸರಿಯೇ ಆಗುತ್ತದೆ!

ಇದು ತಮಾಷೆಯಲ್ಲ. 1972ರಲ್ಲಿ ಕೆನೆತ್ ವೈಸ್ ಎಂಬ ಸಂಶೋಧಕ ಹಳೆಯ ಸಮಾಧಿಗಳ ವರದಿಗಳನ್ನು ಒಟ್ಟು ಹಾಕಿ ನೋಡಿದಾಗ ಗಂಡಸರ ಸಂಖ್ಯೆ ಇರಬೇಕಾದದ್ದಕ್ಕಿಂತ ಸುಮಾರು 12 ಶೇಕಡಾ ಹೆಚ್ಚಿತ್ತು. ಸಮಾಧಿಗಳಲ್ಲಿ ಗಂಡಸರು ಹೆಚ್ಚಿದ್ದರು ಎಂದಲ್ಲ, ನೋಡುವವರು ದಪ್ಪ ಮೂಳೆ ಕಂಡಾಗೆಲ್ಲ ಗಂಡು ಎಂದು ಬರೆದಿದ್ದರು.

ಇನ್ನೂ ಎರಡು ಮಿತಿ ಇವೆ. ಈ ಗುರುತುಗಳು ಮೂಡುವುದು ಹರೆಯಕ್ಕೆ ಬಂದ ಮೇಲೆ, ಆದ್ದರಿಂದ ಚಿಕ್ಕ ಮಕ್ಕಳ ಮೂಳೆ ನೋಡಿ ಗಂಡು ಹೆಣ್ಣು ಹೇಳುವುದು ನಂಬುವಂಥದ್ದಲ್ಲ. ಎರಡನೆಯದು, ಒಂದು ಜನಸಮೂಹದ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಅಮೆರಿಕದಲ್ಲಿ ಮಾಡಿದ ತೊಡೆಮೂಳೆಯ ಗಡಿರೇಖೆಯನ್ನು ಹಾಗೇ ತಂದು ಇಲ್ಲಿ ಇಟ್ಟರೆ ನಮ್ಮ ಸಣ್ಣ ಮೈಕಟ್ಟಿನ ಎಷ್ಟೋ ಗಂಡಸರು ಹೆಂಗಸರ ಸಾಲಿಗೆ ಹೋಗಿಬಿಡುತ್ತಾರೆ. ಅದಕ್ಕೇ ತಜ್ಞರು ಲಿಂಗ ನಿರ್ಧಾರ ಎನ್ನುವುದಕ್ಕಿಂತ ಲಿಂಗದ ಅಂದಾಜು ಎನ್ನುವುದನ್ನು ಇಷ್ಟಪಡುತ್ತಾರೆ.

ಒಂದು ಅಂದಾಜಿನ ಭಾರ

ಪತ್ರಿಕೆಯಲ್ಲಿ ನೀವು ಓದಿರುತ್ತೀರಿ, ಎಲ್ಲೋ ಅಸ್ಥಿಪಂಜರ ಸಿಕ್ಕಿತು, ಪೊಲೀಸರು ಪರೀಕ್ಷೆಗೆ ಕಳಿಸಿದರು ಎಂದು. ಪ್ರಯೋಗಾಲಯ ಹೇಳಬೇಕಾದ ಮೊದಲ ಸಂಗತಿಗಳಲ್ಲಿ ಗಂಡೋ ಹೆಣ್ಣೋ ಎಂಬುದು ಒಂದು. ಅದು ಗೊತ್ತಾದರೆ ಕಾಣೆಯಾದವರ ಪಟ್ಟಿ ಒಂದೇ ಏಟಿಗೆ ಅರ್ಧಕ್ಕೆ ಇಳಿಯುತ್ತದೆ. ತಪ್ಪಾದರೆ? ಹುಡುಕುತ್ತಿರುವ ಹೆಸರು ಬಿಸಾಡಿದ ಅರ್ಧದಲ್ಲೇ ಉಳಿದುಬಿಡುತ್ತದೆ. ಯಾವುದೋ ಮನೆಯವರು ವರ್ಷಗಟ್ಟಲೆ ಬಾಗಿಲು ನೋಡುತ್ತಾ ಕೂರುತ್ತಾರೆ.

ಸವಾನಾದಲ್ಲಿ ಆದದ್ದೂ ಇದೇ. ಪೆಟ್ಟಿಗೆಯ ಮೂಳೆಗಳಲ್ಲಿ ಬಹಳಷ್ಟು ಸಂಗತಿಗಳು ಪುಲಾಸ್ಕಿಗೆ ಹೊಂದುತ್ತಿದ್ದವು. ವಯಸ್ಸು ಮೂವತ್ತರ ದಶಕಕ್ಕೆ ಹತ್ತಿರ. ಎತ್ತರ 5 ಅಡಿ 1 ಅಂಗುಲದಿಂದ 5 ಅಡಿ 4 ಅಂಗುಲ, ಪುಲಾಸ್ಕಿಯೂ ಎತ್ತರದ ಆಳಲ್ಲ. ವರ್ಷಗಟ್ಟಲೆ ಕುದುರೆ ಸವಾರಿ ಮಾಡಿದವರ ಮೂಳೆಯಲ್ಲಿ ಆಗುವ ಸವೆತ. ಕೈಯಲ್ಲಿ ವಾಸಿಯಾದ ಹಳೆಯ ಪೆಟ್ಟು. ಆದರೆ ಸೊಂಟ ಹೆಣ್ಣಿನದು. ಮುಖದ ಮೂಳೆಯೂ ನಾಜೂಕು. ಆ ಒಂದು ಸಂಗತಿ ಉಳಿದೆಲ್ಲವನ್ನೂ ತಳ್ಳಿಹಾಕುವಂತೆ ನಿಂತಿತು.

ಉಳಿದ ದಾರಿ ಡಿಎನ್‌ಎ. ಅಮ್ಮನಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯ ಡಿಎನ್‌ಎ ಎಂಬುದೊಂದಿದೆ. ಒಂದೊಂದು ಜೀವಕೋಶದಲ್ಲೂ ಅದರ ನೂರಾರು ಪ್ರತಿಗಳಿರುವುದರಿಂದ ಹಳೆಯ ಮೂಳೆಯಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಪುಲಾಸ್ಕಿಗೆ ಮಕ್ಕಳಿರಲಿಲ್ಲ. ಪೋಲೆಂಡಿನಲ್ಲಿ ಹೂತಿದ್ದ, ಹೆಣ್ಣು ಕವಲಿನಲ್ಲಿ ಅವರಿಗೆ ಮೊಮ್ಮಗಳ ಸಮಾನರಾದ ಒಬ್ಬ ಸಂಬಂಧಿಯ ಮೂಳೆಯಿಂದ ಮಾದರಿ ತೆಗೆದು ಹೋಲಿಸಿದರು. ಆಗಿನ ತಂತ್ರಜ್ಞಾನಕ್ಕೆ ಖಚಿತ ಉತ್ತರ ಸಿಗಲಿಲ್ಲ. 2005ರ ಅಕ್ಟೋಬರ್‌ನಲ್ಲಿ ಸೇನಾ ಗೌರವದೊಂದಿಗೆ ಮೂಳೆಗಳನ್ನು ಮತ್ತೆ ಸ್ಮಾರಕದಲ್ಲಿಟ್ಟರು. ಅವು ಯಾರದೆಂದು ಖಚಿತವಾಗದೆಯೇ! ಕರೆನ್ ಬರ್ನ್ಸ್ 2012ರಲ್ಲಿ ತೀರಿಕೊಂಡರು.

ಕೆಲಸ ಮುಂದುವರಿಸಿದವರು ಜಾರ್ಜಿಯಾ ಸದರ್ನ್ ವಿಶ್ವವಿದ್ಯಾಲಯದ ವರ್ಜೀನಿಯಾ ಹಟನ್ ಎಸ್ಟಾಬ್ರೂಕ್ ಮತ್ತು ಜೊತೆಗಾರರು. ಹಿಂದೆ ತೆಗೆದಿಟ್ಟಿದ್ದ ಮಾದರಿಗಳನ್ನೇ ಹೊಸ ವಿಧಾನದಲ್ಲಿ ನೋಡಿದಾಗ ಎರಡೂ ಹೊಂದಿದವು. 2019ರ ಏಪ್ರಿಲ್‌ನಲ್ಲಿ ಸ್ಮಿತ್‌ಸೋನಿಯನ್ ಚಾನೆಲ್‌ನ ಸಾಕ್ಷ್ಯಚಿತ್ರ ಇದನ್ನು ಜಗತ್ತಿಗೆ ಹೇಳಿತು. ಪೆಟ್ಟಿಗೆಯಲ್ಲಿದ್ದವರು ಪುಲಾಸ್ಕಿಯೇ, ಬೋವೆನ್ ಮನೆಯ ಮಾತೇ ಸರಿ ಎಂದು. ಮನೆಮಾತನ್ನು ಸುಲಭಕ್ಕೆ ನಂಬದ ನಮಗೂ ಇಲ್ಲಿ ಒಂದು ಪೆಟ್ಟು ಬಿತ್ತು.

ಹಾಗಾದರೆ ಅವರು ಹೆಂಗಸೇ?

ಫಾರ್ವರ್ಡ್‌ಗಳು ಎಡವುವುದು ಇಲ್ಲಿ. ಮೈಟೊಕಾಂಡ್ರಿಯ ಡಿಎನ್‌ಎ ತಾಯಿಯ ಕವಲು ಯಾವುದು ಎಂದು ಹೇಳುತ್ತದೆ. ಗಂಡೋ ಹೆಣ್ಣೋ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇಲ್ಲ. ಅದಕ್ಕೆ ಎಕ್ಸ್ ಮತ್ತು ವೈ ವರ್ಣತಂತುಗಳನ್ನು ನೋಡಬೇಕು. ಆದ್ದರಿಂದ ಡಿಎನ್‌ಎ ಪರೀಕ್ಷೆಯಿಂದ ಹೆಣ್ಣೆಂದು ಸಾಬೀತಾಯಿತು ಎಂಬ ಸಾಲು ಕಂಡರೆ ಅದು ತಪ್ಪು. ಡಿಎನ್‌ಎ ಹೇಳಿದ್ದು ಯಾರ ಮೂಳೆ ಎಂದು, ಹೆಣ್ಣಿನಂಥ ಆಕಾರ ಎಂದದ್ದು ಸೊಂಟದ ಮೂಳೆ.

ವೇಷದ ಕಥೆಗಂತೂ ಆಧಾರವೇ ಇಲ್ಲ. ಹುಟ್ಟಿದ ಕೂಡಲೇ ಚರ್ಚಿನ ಪುಸ್ತಕದಲ್ಲಿ ಗಂಡು ಹೆಸರಿತ್ತು ಎಂದು ಮೊದಲೇ ನೋಡಿದೆವಲ್ಲ. ಹಸುಗೂಸು ವೇಷ ಹಾಕುವುದಿಲ್ಲ. ಚಿತ್ರಗಳಲ್ಲಿ ಮೀಸೆ ಇದೆ, ಮುಂದಲೆಯ ಕೂದಲು ಉದುರಿದೆ. ಡೇರೆಗಳಲ್ಲಿ ಸೈನಿಕರ ನಡುವೆ ವರ್ಷಗಟ್ಟಲೆ ಬದುಕಿದ್ದಾರೆ. ಅವರ ಮನಸ್ಸಿನಲ್ಲೂ ಸುತ್ತಲಿನವರ ಮನಸ್ಸಿನಲ್ಲೂ ಅವರು ಗಂಡಸೇ.

ಹಾಗಾದರೆ ಸೊಂಟ ಹಾಗೇಕೆ? ಎಸ್ಟಾಬ್ರೂಕ್ ತಂಡದ ವಿವರಣೆ, ಪುಲಾಸ್ಕಿ ಅಂತರಲಿಂಗಿ ಆಗಿದ್ದಿರಬಹುದು ಎಂದು. ಅಂದರೆ ಹುಟ್ಟಿನಿಂದಲೇ ದೇಹ ಗಂಡು ಅಥವಾ ಹೆಣ್ಣು ಎಂಬ ಎರಡು ಖಾನೆಗಳಲ್ಲಿ ಒಂದಕ್ಕೆ ಪೂರ್ತಿ ಹೊಂದದೆ ಇರುವುದು. ಅವರು ಸೂಚಿಸಿದ ಒಂದು ಕಾರಣ ಹುಟ್ಟಿನಿಂದ ಬರುವ ಅಡ್ರಿನಲ್ ಗ್ರಂಥಿಯ ತೊಂದರೆ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿ ಅದು. ಅಲ್ಲಿ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡದಿದ್ದರೆ ದೇಹ ಗಂಡು ಹಾರ್ಮೋನುಗಳನ್ನು ಹೆಚ್ಚು ತಯಾರಿಸುತ್ತದೆ. ಎರಡು ಎಕ್ಸ್ ವರ್ಣತಂತು ಇರುವ ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಹೀಗಾದರೆ ಹೊರಗಿನ ಜನನಾಂಗ ಗಂಡಿನದರಂತೆ ಬೆಳೆಯಬಹುದು. ಸೂಲಗಿತ್ತಿ ಗಂಡುಮಗು ಎನ್ನುತ್ತಾಳೆ, ಮನೆಯವರು ಹಾಗೇ ಬೆಳೆಸುತ್ತಾರೆ, ಮುಂದೆ ಮೀಸೆಯೂ ಬರುತ್ತದೆ. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಈ ತೊಂದರೆಯ ತೀವ್ರ ರೂಪ ಇಂದಿಗೂ ಸುಮಾರು 15,000 ಹೆರಿಗೆಗೆ ಒಂದರಂತೆ ಕಾಣುತ್ತದೆ, ಬೇಗ ಗೊತ್ತಾದರೆ ಮಾತ್ರೆಯಿಂದ ನಿಭಾಯಿಸಬಹುದು.

ಆದರೆ ಇದೂ ಒಂದು ಊಹೆಯೇ. ಒಳ್ಳೆಯ ಊಹೆ, ದೀಕ್ಷಾಸ್ನಾನದ ದಾಖಲೆ, ಮೀಸೆ, ಸೊಂಟದ ಮೂಳೆ ಮೂರಕ್ಕೂ ಜಗಳವಿಲ್ಲದೆ ಹೊಂದುವಂಥದ್ದು. ಆದರೂ ಆ ಕಾಯಿಲೆಯ ಜೀನ್ ಈ ಮೂಳೆಗಳಲ್ಲಿ ಸಿಕ್ಕಿದೆ ಎಂದು ಸಾಕ್ಷ್ಯಚಿತ್ರದಲ್ಲೂ ತೋರಿಸಿಲ್ಲ. ಸೊಂಟದ ಆಕಾರ ಮನುಷ್ಯರಲ್ಲಿ ಒಂದು ಹಗ್ಗದಂತೆ ಉದ್ದಕ್ಕೆ ಹರಡಿರುತ್ತದೆ, ಎರಡು ತುದಿಗಳಲ್ಲಿ ಹೆಚ್ಚು ಜನ, ನಡುವೆ ಕಡಿಮೆ ಜನ. ನಡುವೆ ಇರುವವರೂ, ತಮ್ಮ ಗುಂಪಿನ ತುದಿ ಬಿಟ್ಟು ಇನ್ನೊಂದು ತುದಿಗೆ ಹೋದವರೂ ಎಲ್ಲ ಕಾಲದಲ್ಲೂ ಇದ್ದಾರೆ.

ಪೆಟ್ಟಿಗೆಯ ಮೇಲೆ ಯಾವ ಹೆಸರೂ ಇಲ್ಲದೆ, ಇವೇ ಮೂಳೆಗಳು ಇಂದು ಯಾವುದೋ ರಸ್ತೆ ಅಗಲೀಕರಣದಲ್ಲಿ ಸಿಕ್ಕಿದ್ದವು ಎಂದುಕೊಳ್ಳಿ. ಒಳ್ಳೆಯ ಪ್ರಯೋಗಾಲಯ, ಅನುಭವಿ ತಜ್ಞರು, ಒಂದೂ ತಪ್ಪು ಮಾಡದೆ ಬರೆಯುವ ವರದಿ: ಹೆಣ್ಣು, ಮೂವತ್ತು ದಾಟಿದ ವಯಸ್ಸು, ಎತ್ತರ 5 ಅಡಿ 2 ಅಂಗುಲದ ಆಸುಪಾಸು. ಕಾಣೆಯಾದ ಹೆಂಗಸರ ಕಡತ ತೆರೆದು ಹುಡುಕುತ್ತಾರೆ. ಪುಲಾಸ್ಕಿಯ ಹೆಸರು ಇನ್ನೊಂದು ಕಡತದಲ್ಲಿರುತ್ತದೆ. ಈಚೆಗೆ ವರ್ಣತಂತುಗಳ ಗುರುತು ನೋಡುವ ಡಿಎನ್‌ಎ ಪರೀಕ್ಷೆ ಜೊತೆಗಿದೆ ನಿಜ, ಆದರೆ ಮೇಲೆ ಹೇಳಿದ ಊಹೆ ಸರಿಯಾಗಿದ್ದರೆ ಅದೂ ಎರಡು ಎಕ್ಸ್ ತೋರಿಸಿ ಹೆಣ್ಣು ಎಂದೇ ಹೇಳುತ್ತಿತ್ತು!

ಓದುತ್ತಾ ನೀವು ಗಮನಿಸಿರಬಹುದು, ನಾವು ಪುಲಾಸ್ಕಿಯನ್ನು ಅವನು ಎಂದೂ ಬರೆದಿಲ್ಲ, ಅವಳು ಎಂದೂ ಬರೆದಿಲ್ಲ. ಅವರು ಎಂಬ ಕನ್ನಡದ ಮರ್ಯಾದೆಯ ಪದ ಇಂಥ ಕಡೆ ತುಂಬ ಅನುಕೂಲ. ಇಂಗ್ಲಿಷ್ ಪತ್ರಿಕೆಗಳು 2019ರಲ್ಲಿ ಯಾವ ಪದ ಬಳಸುವುದೆಂದು ತಿಣುಕಾಡಿದ್ದವು.

ಅಂದ ಹಾಗೆ, ಅಮೆರಿಕ ಪುಲಾಸ್ಕಿಯನ್ನು ಮರೆತಿಲ್ಲ. ಪೋಲಿಷ್ ಮೂಲದವರು ಹೆಚ್ಚಿರುವ ಇಲಿನಾಯ್ ರಾಜ್ಯದಲ್ಲಿ ಮಾರ್ಚ್‌ನ ಮೊದಲ ಸೋಮವಾರ ಅವರ ಹೆಸರಿನ ದಿನ. 2009ರಲ್ಲಿ, ಸತ್ತು 230 ವರ್ಷಕ್ಕೆ, ಆ ದೇಶದ ಗೌರವ ಪೌರತ್ವವೂ ಸಿಕ್ಕಿತು. ಸವಾನಾಕ್ಕೆ ಹೋದರೆ ಮಾಂಟೆರಿ ಚೌಕದಲ್ಲಿ ಆ ಎತ್ತರದ ಕಂಬ ನೋಡಬಹುದು. ಅದರ ಮೇಲಿರುವುದು ಸ್ವಾತಂತ್ರ್ಯ ದೇವಿಯ ಪ್ರತಿಮೆ, ಪುಲಾಸ್ಕಿ ಕುದುರೆಯಿಂದ ಬೀಳುತ್ತಿರುವ ಕೆತ್ತನೆ ಕೆಳಗಡೆ ಇದೆ.